ಅಪ್ಪ ಅರಮನೆಗೆ ಹೋದದ್ದು

ಬಂದು ಎರಡು ವರ್ಷವಾದರೂ ಪುಟ್ಟಿ ಆ ಊರು ನೋಡಿರಲಿಲ್ಲ. ಹೇಳಿದರೆ ಯಾರೂ ನಂಬುವುದಿಲ್ಲ. ವಿದೇಶಕ್ಕೆ ಓದಲು ಹೋದ ಹುಡುಗಿ ಎಂದರೆ ವಾರಕ್ಕೊಂದು ಫೋಟೊ, ಫೋಟೊದಲ್ಲೊಂದು ಉದ್ದ ಕೋಟು, ಕೋಟಿನ ಹಿಂದೊಂದು ಗೋಪುರ ಇರಲೇಬೇಕೆಂದು ನೆಂಟರಿಷ್ಟರು ತೀರ್ಮಾನ ಮಾಡಿಬಿಟ್ಟಿರುತ್ತಾರೆ. ಪುಟ್ಟಿ ಕಂಡದ್ದು ಹಾಸ್ಟೆಲಿನ ಕೋಣೆ, ಪ್ರಯೋಗಾಲಯ, ಅವೆರಡರ ನಡುವಿನ ಒಂದು ರಸ್ತೆ. ಅವಳ ಓದು ನೀರಿನದು. ಊರಿನ ನದಿಯಿಂದ ಯಾರೋ ಬಾಟಲಿಗಳಲ್ಲಿ ನೀರು ತುಂಬಿ ತಂದಿಡುತ್ತಿದ್ದರು. ಅದನ್ನು ಸೋಸಿ, ಕಾಯಿಸಿ, ಅದರಲ್ಲಿ ಏನೇನು ಕೊಳೆ ಸೇರಿದೆ ಎಂದು ಹುಡುಕುವುದು ಇವಳ ಕೆಲಸ. ಆ ನದಿಯ ಹೊಟ್ಟೆಯೊಳಗಿನ ಗುಟ್ಟೆಲ್ಲ ಇವಳಿಗೆ ಗೊತ್ತಿತ್ತು, ಮುಖ ಮಾತ್ರ ಗೊತ್ತಿರಲಿಲ್ಲ. ಇಪ್ಪತ್ತೈದು ತುಂಬಿದ ಮೇಲೂ ಮನೆಯಲ್ಲಿ ಪುಟ್ಟಿ ಎಂದೇ ಕರೆಸಿಕೊಳ್ಳುವ ಹುಡುಗಿಗೆ ಇದರ ಬಗ್ಗೆ ಸ್ವಲ್ಪ ನಾಚಿಕೆಯೂ ಇತ್ತು.

ಈಗ ಆ ಓದು ಮುಗಿದಿತ್ತು. ಪದವಿ ಕೊಡುವ ಸಮಾರಂಭ ನೋಡಲೆಂದು ಅಪ್ಪ ಬಂದಿದ್ದ. ಅಮ್ಮನಿಗೆ ವಿಮಾನ ಎಂದ ಕೂಡಲೇ ಕೈಕಾಲು ತಣ್ಣಗಾಗುತ್ತದೆ. "ನೀವೇ ಹೋಗಿ ಕಣ್ತುಂಬ ನೋಡ್ಕೊಂಡು ಬನ್ನಿ" ಎಂದು ಹೇಳಿ, ಮಗ ಸೊಸೆಯ ಜೊತೆ ಮೊಮ್ಮಗನನ್ನು ಆಡಿಸುತ್ತಾ ಉಳಿದಿದ್ದಳು. ಸಮಾರಂಭ ನಿನ್ನೆ ಆಯಿತು. ನಾಳೆ ಮಧ್ಯಾಹ್ನ ಅಪ್ಪನ ವಿಮಾನ. ನಡುವೆ ಉಳಿದದ್ದು ಇವತ್ತಿನ ದಿನ ಒಂದೇ.

ಆ ಬಡಪಾಯಿ ದಿನದ ತಲೆಯ ಮೇಲೆ ಪುಟ್ಟಿ ಎರಡು ಕೆಲಸ ಹೊರಿಸಿದ್ದಳು. ಅಪ್ಪನಿಗೆ ಊರು ತೋರಿಸಬೇಕು, ಮತ್ತೆ ಅವನಿಗೆ ಒಂದು ವಿಷಯ ಹೇಳಬೇಕು. ಅವಳಿಗೆ ಪಾಠ ಮಾಡಿದ ಮೇಡಂ, ಸಂಶೋಧನೆ ಮಾಡುವುದಾದರೆ ಇಲ್ಲೇ ಉಳಿ ಎಂದು ಕರೆದಿದ್ದರು. ಇನ್ನೂ ಮೂರು ನಾಲ್ಕು ವರ್ಷ. ಆಮೇಲೆ ಕೆಲಸವೂ ಇಲ್ಲೇ ಸಿಕ್ಕಿದರೆ ಎಷ್ಟು ವರ್ಷವೋ ಯಾರು ಬಲ್ಲರು. ನಾಳೆ ಬೆಳಿಗ್ಗೆಯೊಳಗೆ ಉತ್ತರ ಕೊಡಬೇಕಿತ್ತು. ಉಳಿಯುವ ಆಸೆ ಪುಟ್ಟಿಗೆ ಬೆಟ್ಟದಷ್ಟಿತ್ತು. ಆದರೆ, "ಓದು ಮುಗೀತಲ್ಲ, ಇನ್ನೇನು ಮಗಳು ಬಂದೇ ಬಿಡ್ತಾಳೆ" ಎಂದು ಅಪ್ಪ ಟ್ಯಾಕ್ಸಿ ಸ್ಟ್ಯಾಂಡಿನ ತುಂಬ ಸಾರಿಕೊಂಡು ಬಂದಿದ್ದಾನೆಂದು ಅಮ್ಮ ಫೋನಿನಲ್ಲಿ ಹೇಳಿದ್ದಳು. ಅಪ್ಪ ಬೇಡ ಎಂದರೆ ಅದನ್ನು ಮೀರಿ ಉಳಿಯುವ ಎದೆಗಾರಿಕೆ ಅವಳಲ್ಲಿರಲಿಲ್ಲ.

ಅಪ್ಪ ಟೂರಿಸ್ಟ್ ವ್ಯಾನ್ ಓಡಿಸುವವನು. ಗಾಡಿಯನ್ನು ಎಂದೂ ಓಡಿಸಿಕೊಂಡು ಹೋಗದೆ ನಡೆಸಿಕೊಂಡು ಹೋಗುತ್ತಾನೆಂದು ಸ್ಟ್ಯಾಂಡಿನವರು ಅವನಿಗೆ ನಿಧಾನಣ್ಣ ಎಂದು ಹೆಸರಿಟ್ಟಿದ್ದರು. ಬಾಡಿಗೆಗೆ ವ್ಯಾನು ಹಿಡಿದು ಬರುವ ಕುಟುಂಬಗಳಿಗೆ ಡ್ರೈವರುಗಳ ಬಾಯಲ್ಲಿ 'ಪಾರ್ಟಿ' ಎಂದು ಹೆಸರು. ಅರ್ಧ ಆಯುಷ್ಯ ಅಂಥ ಪಾರ್ಟಿಗಳನ್ನು ಕೋಟೆಗೆ, ಬೆಟ್ಟಕ್ಕೆ, ಜಲಪಾತಕ್ಕೆ ಕರೆದೊಯ್ದವನು ಅವನು. ಯಾವ ಕೋಟೆಯ ಹೊರಗೆ ಯಾವ ಮರದ ನೆರಳು ಸಂಜೆಯವರೆಗೂ ಇರುತ್ತದೆ, ಯಾರ ಅಂಗಡಿಯ ಚಹಾ ಬಾಯಿಗೆ ಹಿಡಿಸುತ್ತದೆ, ಎಲ್ಲ ಬಾಯಿಪಾಠ. ಕೋಟೆಯ ಒಳಗೆ ಏನಿದೆ ಎಂದು ಕೇಳಿದರೆ ಮಾತ್ರ, "ಚೆನ್ನಾಗಿದೆಯಂತೆ" ಎನ್ನುತ್ತಾನೆ. ಗಾಡಿ ಬಿಟ್ಟು ಹೋಗಬಾರದು, ಪಾರ್ಟಿಯ ಸಾಮಾನು ಬಿಟ್ಟು ಹೋಗಬಾರದು. ಹಾಗಾಗಿ ಅವನು ಎಲ್ಲೂ ಒಳಗೆ ಹೋದವನಲ್ಲ. ಶಾಲೆಯ ರಜೆಯಲ್ಲಿ ಮುಂದಿನ ಸೀಟಿನಲ್ಲಿ ಪುಟ್ಟಿಯನ್ನು ಕೂರಿಸಿಕೊಂಡು ಹೋದಾಗಲೂ ಅಷ್ಟೇ. "ಅಮ್ಮಾ, ನಮ್ಮ ಹುಡುಗೀನೂ ಸ್ವಲ್ಪ ಕರ್ಕೊಂಡು ಹೋಗ್ರಮ್ಮ" ಎಂದು ಪಾರ್ಟಿಯ ಹೆಂಗಸರ ಜೊತೆ ಅವಳನ್ನು ಒಳಗೆ ಕಳಿಸಿ, ತಾನು ಹೊರಗೆ ಕೂರುತ್ತಿದ್ದ. ಯಾರ ಯಾರದೋ ಮನೆಯ ಆಲ್ಬಮ್ಮಿನಲ್ಲಿ, ಫೋಟೊದ ಮೂಲೆಯಲ್ಲಿ, ಎರಡು ಜಡೆಯ ಒಬ್ಬಳು ಹುಡುಗಿ ಪಿಳಿಪಿಳಿ ಕಣ್ಣು ಬಿಡುತ್ತಾ ನಿಂತಿದ್ದರೆ ಅವಳು ನಮ್ಮ ಪುಟ್ಟಿಯೇ.

ಬೆಳಿಗ್ಗೆ ಅವಳು ಎದ್ದಾಗ ಅಪ್ಪ ಮಿಂದು, ಇಸ್ತ್ರಿ ಶರ್ಟು ತೊಟ್ಟು, ಬೂಟು ಉಜ್ಜಿಕೊಂಡು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿದ್ದ. ಹಳೆಯ ಪೇಪರು ಒದ್ದೆ ಮಾಡಿ ಕೋಣೆಯ ಕಿಟಕಿಯ ಗಾಜನ್ನು ಫಳಫಳ ಒರೆಸಿಟ್ಟಿದ್ದ. ಅವನಿಗೆ ಗಾಜು ಕಂಡರೆ ಒರೆಸದೆ ಕೈ ಸುಮ್ಮನಿರುವುದಿಲ್ಲ.

"ಹೊರಡೋಣ್ವಾ?" ಎಂದ.

"ಅಪ್ಪಾ, ಇವತ್ತು ನೀನು ಡ್ಯೂಟಿ ಮೇಲಿಲ್ಲ. ಇವತ್ತು ನೀನೇ ಪಾರ್ಟಿ."

"ಆಯ್ತಮ್ಮ, ಆಯ್ತು. ನಾನೇ ಪಾರ್ಟಿ. ಬೇಗ ತಲೆ ಬಾಚ್ಕೋ."

ಬಸ್ಸಿನಲ್ಲಿ ಪಾರ್ಟಿ ಹೋಗಿ ಕೂತದ್ದು ಡ್ರೈವರನ ಬೆನ್ನ ಹಿಂದಿನ ಸೀಟಿನಲ್ಲಿ. ತಿರುವು ಬಂದಾಗಲೆಲ್ಲ ಅವನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಪುಟ್ಟಿ ಕಿಟಕಿಯಾಚೆ ಕೈ ತೋರಿಸಿ, ಅದು ಗ್ರಂಥಾಲಯ, ಅದು ಹಳೆಯ ಮಾರುಕಟ್ಟೆ ಎಂದು ಮೊಬೈಲು ನೋಡಿಕೊಂಡು ಹೇಳುತ್ತಿದ್ದರೆ ಅಪ್ಪ ಹೂಂಗುಟ್ಟುತ್ತಾ ರಸ್ತೆಯನ್ನೇ ನೋಡುತ್ತಿದ್ದ. ಇಳಿಯುವಾಗ, "ಪರವಾಗಿಲ್ಲ, ಕೈ ಚೆನ್ನಾಗಿದೆ" ಎಂದು ಬಸ್ಸಿನ ಡ್ರೈವರನಿಗೆ ಕನ್ನಡದಲ್ಲೇ ಸರ್ಟಿಫಿಕೇಟು ಕೊಟ್ಟ. ಆ ಮನುಷ್ಯನಿಗೆ ಅದೇನು ತಿಳಿಯಿತೋ, ಹಣೆಗೆ ಕೈ ಮುಟ್ಟಿಸಿ ನಕ್ಕ.

ಮೊದಲು ನೋಡಿದ್ದು ನದಿ. ಸೇತುವೆಯ ನಡುವೆ ಬಂದು ನಿಂತು ಪುಟ್ಟಿ ಕಂಬಿಯ ಮೇಲೆ ಬಗ್ಗಿದಳು. ನದಿ ಅಗಲವಾಗಿ, ಯಾವ ಅವಸರವೂ ಇಲ್ಲದೆ ಹರಿಯುತ್ತಿತ್ತು. ಬಿಸಿಲು ಬಿದ್ದ ಕಡೆ ಬೆಳ್ಳಗೆ, ದೋಣಿಗಳ ನೆರಳಿನಲ್ಲಿ ಹಸಿರು. ಬಾಟಲಿಯಲ್ಲಿ ಅದಕ್ಕೆ ಬಣ್ಣವೇ ಇರುತ್ತಿರಲಿಲ್ಲ.

"ಇಷ್ಟು ಅಗಲ ಇದೆಯಾ ಇದು!" ಎಂದಳು.

"ಎರಡು ವರ್ಷ ಇದೇ ನೀರು ಸೋಸಿದೀಯ. ಒಂದ್ಸಲನೂ ಬಂದು ನೋಡಿಲ್ವಾ?"

"ನಾನು ಹುಟ್ಟೋಕ್ಮುಂಚಿಂದ ನೀನು ಕೋಟೆಗೆ ಹೋಗ್ತಿದೀಯಲ್ಲ. ಒಳಗೆ ನೋಡಿದೀಯಾ?"

ಅಪ್ಪ ಗೊಳ್ಳೆಂದು ನಕ್ಕ. "ಮತ್ತೆ ಯಾರ ಮಗಳು ಹೇಳು" ಎಂದ.

ಇಬ್ಬರೂ ಸೇತುವೆಯ ಕೆಳಗಿನ ಕಟ್ಟೆಯಲ್ಲಿ ಕೂತು, ಕಟ್ಟಿಕೊಂಡು ಬಂದಿದ್ದ ಬುತ್ತಿ ಬಿಚ್ಚಿದರು. ಇದಕ್ಕಿಂತ ಒಳ್ಳೆಯ ಜಾಗ ಸಿಗಲಿಕ್ಕಿಲ್ಲ, ಈಗಲೇ ಹೇಳಿಬಿಡೋಣವೆಂದು ಪುಟ್ಟಿ ಗಂಟಲು ಸರಿ ಮಾಡಿಕೊಂಡಳು.

"ಅಪ್ಪಾ, ಒಂದು ಮಾತು..."

"ನಾನೂ ಅದನ್ನೇ ಕೇಳ್ಬೇಕು ಅಂತಿದ್ದೆ" ಎಂದ ಅಪ್ಪ, ಬಾಯಲ್ಲಿ ತುತ್ತಿದ್ದಂತೆಯೇ. "ನಿನ್ನ ಸಾಮಾನೆಲ್ಲ ಏನ್ಮಾಡ್ತೀಯ? ಪುಸ್ತಕಗಳು ಭಾರ ಇವೆ. ಒಂದು ಪೆಟ್ಟಿಗೆ ನಾನೇ ನಾಳೆ ತಗೊಂಡು ಹೋಗ್ಬಿಡ್ಲಾ? ನಿನಗೂ ಬರೋವಾಗ ಹಗುರ ಆಗುತ್ತೆ."

ನಾಲಿಗೆಯ ತುದಿಗೆ ಬಂದಿದ್ದ ಮಾತು ಬಂದ ದಾರಿಯಲ್ಲೇ ಹಿಂದಕ್ಕೆ ಹೋಯಿತು. "ನೋಡೋಣ" ಎಂದಷ್ಟೇ ಹೇಳಿ ಅವಳು ಡಬ್ಬಿ ಮುಚ್ಚಿದಳು. ಅಲ್ಲಿಂದ ಅರಮನೆಯವರೆಗೆ ನಡೆಯುವ ದಾರಿಯುದ್ದಕ್ಕೂ ಆ ಮಾತನ್ನು ಎಲ್ಲಿಂದ ಎತ್ತುವುದು, ಹೇಗೆ ಸುತ್ತಿ ಹೇಳುವುದು ಎಂಬುದೇ ತಲೆಯಲ್ಲಿ ಓಡುತ್ತಿತ್ತು.

ಅರಮನೆ ಈಗ ಅರಸರಿಲ್ಲದ ಅರಮನೆ, ಟಿಕೆಟ್ ಕೊಟ್ಟು ನೋಡುವ ಮ್ಯೂಸಿಯಂ. ಹಿಂಬದಿಯಲ್ಲಿ ಒಂದು ಎತ್ತರದ ಗೋಪುರ. ಅದರ ತುದಿಗೆ ಹತ್ತಿದರೆ ಇಡೀ ಊರು ಕಾಣುತ್ತದಂತೆ. ಮುಂಬದಿಯಲ್ಲಿ ಬಸ್ಸುಗಳು ಸಾಲಾಗಿ ನಿಂತಿದ್ದವು. ಬಾಗಿಲಲ್ಲಿ ಕಾವಲಿನವಳು ಪುಟ್ಟಿಯ ಬೆನ್ನಿನ ಚೀಲ ತೋರಿಸಿ ತಲೆಯಾಡಿಸಿದಳು. ಚೀಲ ಒಳಗೆ ಬಿಡುವುದಿಲ್ಲ. ಚೀಲ ಇಡುವ ಕೋಣೆ ರಿಪೇರಿಯಲ್ಲಿದೆ. ಪುಟ್ಟಿ ಚೀಲ ಇಳಿಸಿ ಅಪ್ಪನ ಕೈಗೆ ಕೊಟ್ಟಳು. ಅಪ್ಪ ಇಸಿದುಕೊಂಡ. ಅವಳು ಕಿಟಕಿಯಲ್ಲಿ ಟಿಕೆಟ್ ತೆಗೆದುಕೊಂಡು ಒಳಗೆ ನಡೆದಳು.

ಮೊದಲನೆಯದು ದರ್ಬಾರು ಮಾಡುತ್ತಿದ್ದ ಹಜಾರ. ಚಾವಣಿಯ ತುಂಬ ಬಣ್ಣದ ಚಿತ್ರ. ಮೋಡದ ಮೇಲೆ ಕುದುರೆಗಳು, ಕುದುರೆಗಳಿಗೆ ರೆಕ್ಕೆ. ಕುತ್ತಿಗೆ ನೋಯುವಷ್ಟು ಹೊತ್ತು ನೋಡಿ, ಪುಟ್ಟಿ, "ಅಪ್ಪಾ, ಆ ಕುದುರೆ ನೋಡು, ಥೇಟ್ ನಮ್ಮ ಪಕ್ಕದ ಮನೆ ಅಂಕಲ್ ಮುಖ" ಎಂದು ತಿರುಗಿದಳು.

ಪಕ್ಕದಲ್ಲಿ ಯಾರೋ ಮುದುಕಿ ನಿಂತಿದ್ದಳು. ಅಪ್ಪ ಇರಲಿಲ್ಲ.

ಕಳೆದುಹೋದನೇ ಎಂದು ಎರಡು ಹೆಜ್ಜೆ ಓಡಿದವಳಿಗೆ ಕೈಯಲ್ಲಿದ್ದ ಟಿಕೆಟ್ ಕಂಡಿತು. ಒಂದೇ ಟಿಕೆಟ್. ಅಪ್ಪ ಕಳೆದುಹೋಗಿರಲಿಲ್ಲ. ಅವನನ್ನು ಅವಳೇ ಹೊರಗೆ ಬಿಟ್ಟು ಬಂದಿದ್ದಳು. ಊರು ತೋರಿಸುತ್ತೇನೆಂದು ಕರೆತಂದು, ಕೈಗೆ ಚೀಲ ಕೊಟ್ಟು, ಒಂದು ಮಾತೂ ಆಡದೆ. ಎಂಥ ಪಾರ್ಟಿಯೂ ಇಳಿಯುವಾಗ 'ಬರ್ತೀವಪ್ಪ' ಎಂದಾದರೂ ಹೇಳುತ್ತದೆ. ಪುಟ್ಟಿಗೆ ನಾಚಿಕೆಯಿಂದ ಕಿವಿಯೆಲ್ಲ ಬಿಸಿಯಾಯಿತು. ಬಂದ ದಾರಿಯಲ್ಲೇ ಜನರನ್ನು ಸರಿಸಿಕೊಂಡು ಹೊರಗೆ ಓಡಿದಳು.

ಅಪ್ಪ ಬಸ್ಸುಗಳ ಪಕ್ಕ, ಮರದ ಕೆಳಗಿನ ಬೆಂಚಿನಲ್ಲಿದ್ದ. ಆಚೆಗೊಬ್ಬ ಡ್ರೈವರು, ಈಚೆಗೊಬ್ಬ ಡ್ರೈವರು. ಯಾರದೋ ಫ್ಲಾಸ್ಕಿನ ಚಹಾ ಅಪ್ಪನ ಕೈಗೂ ಬಂದಿತ್ತು. ಚೀಲ ತೊಡೆಯ ಮೇಲಿತ್ತು. ಒಬ್ಬರ ಭಾಷೆ ಒಬ್ಬರಿಗೆ ಬರದಿದ್ದರೂ ಮೂವರೂ ಸೇರಿ ಯಾವುದೋ ಟಯರಿನ ವಿಚಾರದಲ್ಲಿ ತಲೆಯಾಡಿಸುತ್ತಿದ್ದರು.

"ಏನು ಇಷ್ಟು ಬೇಗ? ಚೆನ್ನಾಗಿಲ್ವಾ?" ಎಂದ ಅಪ್ಪ.

"ನೀನ್ಯಾಕೆ ಬರ್ಲಿಲ್ಲ?"

"ನೀನೇ ಬ್ಯಾಗ್ ಕೊಟ್ಯಲ್ಲೇ."

"ಕೊಟ್ರೆ? ನಾನೂ ಬರ್ತೀನಿ ಅಂತ ಹೇಳೋಕೆ ಬಾಯಿರ್ಲಿಲ್ವಾ?"

ಅಪ್ಪ ಒಂದು ಗಳಿಗೆ ನಿಜವಾಗಿಯೂ ಯೋಚನೆ ಮಾಡಿದ. "ನಂಗೂ ಹೊಳೀಲಿಲ್ಲ ಪುಟ್ಟಿ" ಎಂದ.

ಇಬ್ಬರಿಗೂ ನಗು ಬಂತು. ಪುಟ್ಟಿಯ ನಗು ಅರ್ಧಕ್ಕೇ ನಿಂತುಹೋಯಿತು. ಇಷ್ಟು ವರ್ಷ ತಾನು ನೋಡಿದ ಕೋಟೆಗಳಲ್ಲಿ, ಬೆಟ್ಟಗಳಲ್ಲಿ ಒಂದು ಸಲವಾದರೂ ಅಪ್ಪ ಯಾಕೆ ಪಕ್ಕದಲ್ಲಿಲ್ಲ ಎಂದು ತನಗೂ ಅನಿಸಿರಲಿಲ್ಲವಲ್ಲ ಎಂದು ಅವಳಿಗೆ ಸಂಕಟವಾಯಿತು. ಹೋಗಿ ಇನ್ನೊಂದು ಟಿಕೆಟ್ ತಂದು ಅಪ್ಪನ ಕೈಗಿಟ್ಟು, ಚೀಲ ಕಿತ್ತುಕೊಂಡಳು.

"ನಡಿ. ಈಗ ನೀನು ಹೋಗು. ಚೀಲ ಹಿಡ್ಕೊಂಡು ನಾನು ಇಲ್ಲಿರ್ತೀನಿ."

"ಒಬ್ನೇ ಹೋಗಿ ಏನ್ಮಾಡ್ಲಿ? ನಂಗೇನು ಗೊತ್ತಾಗುತ್ತೆ ಒಳಗೆ?"

"ಎಲ್ರಿಗೂ ಏನು ಗೊತ್ತಾಗುತ್ತೋ ಅಷ್ಟೇ. ಕಣ್ಣಿದೆಯಲ್ಲ, ನೋಡು. ಗೋಪುರಾನೂ ಹತ್ತಿ ಬಾ."

ಅಪ್ಪ ಬೇಡ ಬೇಡವೆಂದ. ಮೊಣಕಾಲಿನ ನೆಪ ಹೇಳಿದ. ಪುಟ್ಟಿ ಹಠಕ್ಕೆ ಬಿದ್ದರೆ ಅವರಮ್ಮನೂ ಮಾತಾಡುವುದಿಲ್ಲ. ಕೊನೆಗೆ ಶರ್ಟು ಎಳೆದು ಸರಿ ಮಾಡಿಕೊಂಡು, ಪರೀಕ್ಷೆಗೆ ಹೊರಟವನ ಹಾಗೆ ನಡೆದ. ಬಾಗಿಲು ದಾಟುವವರೆಗೆ ಹೆಜ್ಜೆಗೊಮ್ಮೆ ಹಿಂದೆ ತಿರುಗಿ, ಚೀಲ ಜೋಪಾನ ಎಂದು ಸನ್ನೆ ಮಾಡಿದ.

ಪುಟ್ಟಿ ಬೆಂಚಿನಲ್ಲಿ ಕೂತಳು. ಮೊದಲು ಹಾಯಾಗಿತ್ತು. ಅಪ್ಪ ಬಂದ ಮೇಲೆ ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ಜೋಡಿಸಿಕೊಂಡಳು. ಮೇಡಂ ಒಳ್ಳೆಯವರು, ಅವಕಾಶ ದೊಡ್ಡದು, ವರ್ಷಕ್ಕೊಮ್ಮೆ ಬಂದು ಹೋಗಬಹುದು. ಇದನ್ನೇ ತಿರುಗಿಸಿ ಮುರುಗಿಸಿ ಹೇಳಿಕೊಂಡದ್ದಾಯಿತು. ಆಮೇಲೆ ಮಾಡುವುದಕ್ಕೆ ಏನೂ ಉಳಿಯಲಿಲ್ಲ. ಡ್ರೈವರುಗಳಲ್ಲಿ ಒಬ್ಬ ತನ್ನ ಬಸ್ಸಿನ ಕನ್ನಡಿ ಒರೆಸಿದ, ಇನ್ನೊಬ್ಬ ಮುಖದ ಮೇಲೆ ಟೋಪಿ ಇಟ್ಟು ಕೂತಲ್ಲೇ ನಿದ್ದೆಗೆ ಜಾರಿದ. ಅಪ್ಪನ ನಂತರ ಒಳಗೆ ಹೋದ ಒಂದು ಗುಂಪು ಹೊರಗೆ ಬಂತು. ಅದರ ಹಿಂದೆ ಇನ್ನೊಂದು. ಬಾಗಿಲಲ್ಲಿ ತಲೆ ಕಂಡಾಗಲೆಲ್ಲ ಪುಟ್ಟಿ ಅರ್ಧ ಏಳುವಳು, ಅಪ್ಪನಲ್ಲವೆಂದು ಮತ್ತೆ ಕೂರುವಳು.

ಕಾಯುವುದು ಹೀಗಿರುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಒಳಗಿರುವವರಿಗೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ಆ ಹೊತ್ತೆಲ್ಲ ಹೊರಗಿದ್ದವರ ಮೇಲೆ ಬಂದು ಕೂರುತ್ತದೆ. ಅಪ್ಪನಿಗೆ ಇಲ್ಲಿನ ಭಾಷೆಯ ಒಂದಕ್ಷರ ಬರುವುದಿಲ್ಲ. ದಾರಿ ತಪ್ಪಿದರೆ ಯಾರನ್ನು ಕೇಳುತ್ತಾನೆ? ಗೋಪುರದ ಮೆಟ್ಟಿಲಲ್ಲಿ ಮೊಣಕಾಲು ಹಿಡಿದುಕೊಂಡು ಕೂತುಬಿಟ್ಟಿದ್ದರೆ? ಹತ್ತಿ ಬಾ ಎಂದು ಹೇಳಿದ್ದು ತಾನೇ ಅಲ್ಲವೇ? ಉಗುರು ಕಚ್ಚಿ ಕಚ್ಚಿ ಸಾಕಾಯಿತು. ಕೊನೆಗೆ ತಡೆಯಲಾರದೆ ಫೋನು ಮಾಡಿದಳು.

"ಅಪ್ಪಾ, ಎಲ್ಲಿದೀಯ? ಇನ್ನೂ ಎಷ್ಟೊತ್ತು?"

"ಬಂದೆ ಬಂದೆ" ಎಂದು ಏದುಸಿರಿನ ದನಿ ಕೇಳಿತು. ಫೋನು ಕಟ್ಟಾಯಿತು.

ಅಪ್ಪ ಬಂದಾಗ ಕೆನ್ನೆಯ ಮೇಲೆ ಬೆವರು ಇಳಿಯುತ್ತಿತ್ತು. ಬಂದವನೇ ಅವಳನ್ನೂ ಚೀಲವನ್ನೂ ಮೇಲಿಂದ ಕೆಳಗಿನವರೆಗೆ ನೋಡಿದ. "ಏನಾಯ್ತು? ಯಾರಾದ್ರೂ ಏನಾದ್ರೂ ಅಂದ್ರಾ?"

"ಏನೂ ಆಗಿಲ್ಲಪ್ಪ. ಸುಮ್ನೆ ಮಾಡ್ದೆ. ಗೋಪುರ ನೋಡ್ದ್ಯಾ?"

"ಹತ್ತುತಾ ಇದ್ದೆ. ಅರ್ಧ ಹತ್ತಿದ್ದೆ ಕಣೇ. ಅಷ್ಟರಲ್ಲಿ ನೀನು ಕರೆದ್ಯಲ್ಲ, ಇಳಿದು ಬಂದೆ."

ಪುಟ್ಟಿ ತಿರುಗಿ ನೋಡಿದಳು. ಬಾಗಿಲಲ್ಲಿ ಕಾವಲಿನವಳು ಹೊಸಬರನ್ನು ಒಳಗೆ ಬಿಡುವುದು ನಿಲ್ಲಿಸಿ ಸರಪಳಿ ಎಳೆಯುತ್ತಿದ್ದಳು. ನಾಳೆ ಅಪ್ಪ ಹೊರಟುಬಿಡುತ್ತಾನೆ. ಆ ಗೋಪುರದ ಮೇಲಿಂದ ಊರು ಹೇಗೆ ಕಾಣುತ್ತದೆಂದು ಅವನಿಗೆ ಇನ್ನು ಗೊತ್ತಾಗುವುದಿಲ್ಲ. ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದರೆ ಆಗುತ್ತಿತ್ತು. ಅಷ್ಟೂ ತನ್ನ ಕೈಲಾಗಲಿಲ್ಲವಲ್ಲ ಎಂದು ಅವಳಿಗೆ ಅಳು ಒತ್ತಿಕೊಂಡು ಬಂತು.

ಅಪ್ಪನಿಗೆ ಅದರ ಪರಿವೆಯೇ ಇರಲಿಲ್ಲ. ಪಕ್ಕದಲ್ಲಿ ಕೂತು, ನೋಡಿದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳತೊಡಗಿದ. ಅವನು ಇಷ್ಟು ಮಾತಾಡಿದ್ದನ್ನು ಅವಳು ಕೇಳಿಯೇ ಇರಲಿಲ್ಲ. "ರಾಜ ಮಲಗ್ತಿದ್ದ ಮಂಚ ಇದೆ ಪುಟ್ಟಿ, ಇಷ್ಟೇ ಇಷ್ಟು. ನಿಮ್ಮಣ್ಣ ಮಲಗಿದ್ರೆ ಕಾಲು ಹೊರಗೆ ಬರುತ್ತೆ. ಆಮೇಲೆ ಸಾರೋಟು ಇದೆ ನೋಡು, ಏನು ಚಿನ್ನದ ಕೆಲಸ ಅಂತೀಯ! ರಾಜ ಕೂರೋ ಮೆತ್ತೆ ನಿನ್ನೆ ಮಾಡಿದ ಹಾಗಿದೆ. ಗಾಡಿ ಹೊಡೆಯೋನ ಹಲಗೆ ಮಾತ್ರ ಸವೆದು ಸವೆದು ಗುಳಿ ಬಿದ್ದಿದೆ. ನಾನು ಅಲ್ಲೇ ತುಂಬ ಹೊತ್ತು ನಿಂತ್ಬಿಟ್ಟೆ."

"ಅಪ್ಪಾ" ಎಂದಳು ಪುಟ್ಟಿ. "ಪಾರ್ಟಿಯವರೆಲ್ಲ ಕೋಟೆ ಒಳಗಿದ್ದಾಗ ನಿಂಗೆ ಯಾವತ್ತೂ ಹೀಗೆ ಕರೆಯೋಣ ಅನ್ಸಿಲ್ವಾ?"

"ಅನ್ಸದೆ ಇರುತ್ತಾ? ಪ್ರತಿ ಸಲ ಅನ್ಸುತ್ತೆ. ಅದರಲ್ಲೂ ನೀನು ಒಳಗಿದ್ರೆ ಇನ್ನೂ ಜಾಸ್ತಿ. ಹಾರನ್ ಮೇಲೆ ಕೈ ಇಟ್ಟು ಇಟ್ಟು ತೆಗೆದಿದೀನಿ."

"ಮತ್ತೆ ಯಾಕೆ ಹೊಡೀಲಿಲ್ಲ?"

"ಹೊಡೆದ್ರೆ ಬಂದ್ಬಿಡ್ತಾರಲ್ಲ" ಎಂದ ಅಪ್ಪ. "ಅಷ್ಟು ದೂರದಿಂದ ಬಂದಿರ್ತಾರೆ. ನಾವು ಕರೆದ್ರೆ ನೋಡೋದು ಬಿಟ್ಟು ಓಡಿ ಬರ್ತಾರೆ. ಪಾಪ ಅಲ್ವಾ?"

ಬೆಂಚಿನಲ್ಲಿ ಕೂತು ಜೋಡಿಸಿಕೊಂಡಿದ್ದ ಮಾತುಗಳಲ್ಲಿ ಒಂದೂ ಪುಟ್ಟಿಯ ನೆರವಿಗೆ ಬರಲಿಲ್ಲ. ಮೇಡಂ ಕರೆದಿದ್ದು, ನಾಳೆ ಉತ್ತರ ಕೊಡಬೇಕಾದದ್ದು, ತನಗೆ ಉಳಿಯುವ ಆಸೆ ಇರುವುದು, ಎಲ್ಲವನ್ನೂ ತಲೆ ತಗ್ಗಿಸಿಕೊಂಡು, ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತುತ್ತಾ, ಹಿಂದುಮುಂದಾಗಿ ಹೇಳಿ ಮುಗಿಸಿದಳು. ಅಪ್ಪ ಕೇಳಿಸಿಕೊಂಡ. ಅವನ ಬಾಯಿ ಏನೋ ಕೇಳಲು ತೆರೆಯಿತು. ಎಷ್ಟು ವರ್ಷ ಎಂದೇ ಇರಬೇಕು. ಕೇಳದೆ ಮುಚ್ಚಿಕೊಂಡಿತು. ಕರವಸ್ತ್ರ ತೆಗೆದು ಮುಖ ಒರೆಸಿಕೊಂಡ. ಬೆವರು ಆಗಲೇ ಆರಿತ್ತು.

"ಉಳ್ಕೋ" ಎಂದ. "ಸ್ಟ್ಯಾಂಡಿನವರಿಗೆ ನಾನು ಏನಾದ್ರೂ ಹೇಳ್ಕೋತೀನಿ. ನಿಮ್ಮಮ್ಮಂಗೂ ಹೇಳ್ತೀನಿ, ಅವಳು ನಾಲ್ಕು ದಿನ ಮುಖ ಊದಿಸ್ತಾಳೆ, ಆಮೇಲೆ ಸರಿ ಹೋಗ್ತಾಳೆ."

"ನಿಂಗೆ?"

"ನಂಗೇನು? ಎಷ್ಟು ವರ್ಷ, ಯಾವಾಗ ಬರ್ತೀಯ ಅಂತ ನಾನು ಕೇಳಲ್ಲ ಪುಟ್ಟಿ. ಕೇಳಿದ್ರೆ ನೀನು ಅರ್ಧ ಮೆಟ್ಟಿಲಿಂದ ಇಳಿದು ಬಂದ್ಬಿಡ್ತೀಯ. ನಾನು ಬಂದ್ನಲ್ಲ, ಹಾಗೆ."

ಪುಟ್ಟಿಗೆ ಬೇಕಾದದ್ದು ಸಿಕ್ಕಿತ್ತು. ಇಷ್ಟು ಸುಲಭಕ್ಕೆ ಸಿಗುತ್ತದೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ಕುಣಿದಾಡಬೇಕಿತ್ತು. ಆದರೆ ಮುಂದಿನ ವರ್ಷಗಳ ಫೋನು ಕರೆಗಳೆಲ್ಲ ಈಗಲೇ ಕಿವಿಗೆ ಕೇಳಿದಂತಾಯಿತು. ಊಟ ಆಯ್ತಾ ಎಂದು ಕೇಳುತ್ತಾನೆ, ಚಳಿ ಇದೆಯಾ ಎಂದು ಕೇಳುತ್ತಾನೆ, ಆ ಒಂದನ್ನು ಬಿಟ್ಟು ಎಲ್ಲವನ್ನೂ ಕೇಳುತ್ತಾನೆ. ಹಾರನ್ನಿನ ಮೇಲೆ ಕೈ ಇಟ್ಟುಕೊಂಡು ಕೂತಿರುತ್ತಾನೆ.

"ಕೇಳಪ್ಪ" ಎಂದಳು.

"ಏನು?"

"ಯಾವಾಗ ಬರ್ತೀಯ ಅಂತ ಕೇಳು. ನಾನು ಇಳಿದು ಬರಲ್ಲ. ನಿನ್ನಾಣೆ ಬರಲ್ಲ, ಪೂರ್ತಿ ನೋಡ್ಕೊಂಡೇ ಬರ್ತೀನಿ. ಆದ್ರೂ ನೀನು ಕೇಳ್ತಾ ಇರು. ಸುಮ್ನೆ ಕೂತ್ಕೋಬೇಡ."

ಅಪ್ಪ ನಿಂತಿದ್ದ ಬಸ್ಸುಗಳ ಕಡೆ ನೋಡಿದ. ಪಾರ್ಟಿಗಳು ವಾಪಸು ಹತ್ತುತ್ತಿದ್ದವು. ಟೋಪಿಯ ಡ್ರೈವರು ಎದ್ದು ಮೈಮುರಿದು, ಅಪ್ಪನ ಹೆಗಲು ತಟ್ಟಿ ತನ್ನ ಗಾಡಿಯ ಕಡೆ ಹೋದ. ಅಪ್ಪ ಎರಡು ಸಲ ಕೆಮ್ಮಿದ. ರೂಢಿಯಿಲ್ಲದ ಕೆಲಸ, ಬಾಯಿ ಒಗ್ಗಲಿಲ್ಲ.

"ಯಾವಾಗ ಬರ್ತೀಯ ಪುಟ್ಟಿ?" ಎಂದ ಕೊನೆಗೆ.

"ಗೊತ್ತಿಲ್ಲಪ್ಪ" ಎಂದು ಪುಟ್ಟಿ ಅವನ ತೋಳಿಗೆ ಮುಖ ಒತ್ತಿ ಅತ್ತುಬಿಟ್ಟಳು.

ಅಪ್ಪ ಸ್ವಲ್ಪ ಹೊತ್ತು ಅವಳ ತಲೆ ಸವರಿದ. ಆಮೇಲೆ ಇನ್ನೊಂದು ಸಲ ಕೇಳಿದ.